ಕೈ ಹೋದ ಜಾಗ

ಪುಟ್ಟಗಂಗಮ್ಮನ ಬಲಗೈ ಹೋದದ್ದು ಶಂಭುಲಿಂಗಯ್ಯನ ನಾರಿನ ಮಿಲ್ಲಿನಲ್ಲಿ. ಮನೆಯಲ್ಲಲ್ಲ. ಮಚ್ಚಿನಿಂದಲ್ಲ. ಮಿಷನ್ನಿನ ಈ ಕಡೆ ಅವಳಿದ್ದಳು, ಆ ಕಡೆ ನಾನಿದ್ದೆ. ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದವಳು ನಾನು. ಜಜ್ಜಿಹೋದ ಕೈಗೆ ಸುತ್ತಿದ್ದು ನನ್ನ ಸೆರಗು. ನನ್ನ ಹೆಸರು ಕಲ್ಲಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ತಿಪಟೂರಿನ ದೊಡ್ಡ ಮನುಷ್ಯರು ಬಾಯಿಗೆ ಬಂದ ಕಥೆ ಕಟ್ಟಿದರು.

ಮಿಲ್ಲು ಇರುವುದು ತುರುವೇಕೆರೆ ರಸ್ತೆಯಲ್ಲಿ, ಊರು ಮುಗಿದ ಮೇಲೆ. ಶಂಭುಲಿಂಗಯ್ಯ ಕೊಬ್ಬರಿ ಮಂಡಿಯ ಸಾಹುಕಾರ. ಕಾಯಿ ಅವನದು, ಕೊಬ್ಬರಿ ಅವನದು, ಕರಟವೂ ಅವನದು. ಉಳಿದ ಮಟ್ಟೆಯನ್ನು ಯಾಕೆ ಬಿಡಬೇಕು ಅಂತ ಮಿಲ್ಲು ಹಾಕಿದ. ಮಟ್ಟೆಯನ್ನು ಗುಂಡಿಯಲ್ಲಿ ನೆನೆಹಾಕಿ ಕೊಳೆಸುತ್ತಾರೆ. ಸೊಂಟದವರೆಗೆ ನೀರಿಗಿಳಿದು ಅದನ್ನು ಎತ್ತಿ ತರುವವರು ನಾವು, ಹಟ್ಟಿಯ ಹೆಂಗಸರು. ಬೇರೆ ಜಾತಿಯವರು ಆ ಗುಂಡಿಗೆ ಇಳಿಯುವುದಿಲ್ಲ. ಆ ನಾತ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಗಂಡಂದಿರು ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಾರೆ, ಅದೊಂದು ನಮಗೆ ಲಾಭ ಅಂತ ನಾವು ನಗುತ್ತಿದ್ದೆವು. ನೆನೆದ ಮಟ್ಟೆಯನ್ನು ಮಿಷನ್ನಿನ ಬಾಯಿಗೆ ಕೊಟ್ಟರೆ ಒಳಗೆ ಕಬ್ಬಿಣದ ಹಲ್ಲಿನ ಉರುಳೆ ಅದನ್ನು ಬಡಿದು ನಾರು ಬಿಡಿಸುತ್ತದೆ. ಟೀ ಹೊತ್ತಿನಲ್ಲಿ ಮೇಸ್ತ್ರಿಗೆ ಲೋಟ, ನಮಗೆ ಕರಟ. ಕರಟಕ್ಕೆ ಮೇಲಿನಿಂದ ಹುಯ್ಯುತ್ತಿದ್ದರು. ಕೈ ಸುಟ್ಟರೆ ಸುಡಲಿ.

ಮೊದಲೆಲ್ಲ ನಮಗೆ ಕಾಯಿಲೆ ಬಂದರೆ ಸಾಹುಕಾರನ ಬಾಗಿಲಿಗೇ ಹೋಗಬೇಕಿತ್ತು. ಅವನು ಪೇಟೆಯ ಡಾಕ್ಟರಿಗೆ ಹೇಳಿ ಔಷಧಿ ಕೊಡಿಸುತ್ತಿದ್ದ. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ಮೈ ಕೇಳುತ್ತಿದ್ದ, ಬಿಟ್ಟಿ ದುಡಿಯಲು. ಹಟ್ಟಿಯಲ್ಲಿ ಅದಕ್ಕೆ ಮದ್ದಿನ ಚಾಕರಿ ಅಂತಲೇ ಹೆಸರು. ಪುಟ್ಟಗಂಗಮ್ಮನ ಅತ್ತೆಗೆ ವಾಂತಿಭೇದಿ ಆದಾಗ ಪುಟ್ಟಗಂಗಮ್ಮ ಆ ಬೇಸಗೆಯೆಲ್ಲ ಅವನ ಕೊಟ್ಟಿಗೆ ಬಳಿದಳು. ಆಗ ಅವಳು ತುಂಬಿದ ಬಸುರಿ. ಅವಳ ಗಂಡ ಸಣ್ಣತಿಮ್ಮಯ್ಯ ಮರದಿಂದ ಬಿದ್ದು ಸೊಂಟ ಉಳುಕಿದಾಗ, ಅದೇ ಉಳುಕಿದ ಸೊಂಟದಲ್ಲಿ ಸಾಹುಕಾರನ ತೋಟದ ಪಾತಿ ಅಗೆದ. ಅತ್ತೆ ಸತ್ತರೂ ಚಾಕರಿ ನಿಲ್ಲಲಿಲ್ಲ. ಸತ್ತವಳು ನುಂಗಿದ ಮಾತ್ರೆಯನ್ನು ಬದುಕಿದವಳು ತೀರಿಸಬೇಕಿತ್ತು.

ಆಮೇಲೆ ವಿಮೆ ಬಂತು. ಕರೆಂಟಿನಲ್ಲಿ ನಡೆಯುವ ಮಿಲ್ಲುಗಳಲ್ಲಿ ಆಳುಗಳಿಗೆಲ್ಲ ಸರ್ಕಾರದ ವಿಮೆ ಮಾಡಿಸಬೇಕು ಅಂತ ಕಾನೂನಾಯಿತು. ಕೂಲಿಯಲ್ಲಿ ವಾರವಾರ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಸಾಹುಕಾರನೂ ತನ್ನ ಪಾಲು ಹಾಕಬೇಕು, ಗಂಡ ಹೆಂಡತಿ ಮಕ್ಕಳಿಗೆಲ್ಲ ಔಷಧಿ. ಇದನ್ನು ನಮಗೆ ಬಿಡಿಸಿ ಹೇಳಿದವನು ಪುಟ್ಟಗಂಗಮ್ಮನ ತಮ್ಮ ಆಂಜನಪ್ಪ. ಅವನು ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂಟೆ ಹೊರುತ್ತಾನೆ. ಅಕ್ಕನೂ ಅವನ ಹಾಗೇ ಗಟ್ಟಿ ಬಾಯಿ. ಮಿಲ್ಲಿನಲ್ಲಿ ವಿಮೆ ಯಾವಾಗ, ವಿಮೆ ಯಾವಾಗ ಅಂತ ಮೇಸ್ತ್ರಿಯ ಪ್ರಾಣ ತಿಂದಳು. ಕಡೆಗೆ ಅವಳ ಕೈಗೂ ನಮ್ಮ ಕೈಗೂ ಕಾರ್ಡು ಬಂತು.

ಭೂತಮ್ಮ ನಮ್ಮಲ್ಲೆಲ್ಲ ಹಿರಿಯಳು. ಅವಳಿಗೆ ಇದು ಹಿಡಿಸಲಿಲ್ಲ. ಮುದ್ದೆಯ ಗಂಟು ಬಿಚ್ಚಿದಾಗಲೆಲ್ಲ ಜಗಳ.

"ಮೊದ್ಲೇ ವಾಸಿ ಕಣೇ. ಕಾಯ್ಲೆ ಬಂದ್ರೆ ಚಾಕ್ರಿ, ಬರ್ದೇ ಇದ್ರೆ ಇಲ್ಲ. ಈಗ ಗುಂಡುಕಲ್ಲಂಗಿದ್ರೂ ವಾರವಾರ ಮುರ್ಕೊತಾನೆ. ಕಾಯ್ಲೆ ಬರ್ನಿಲ್ಲ ಕೊಡಪ್ಪ ಅಂದ್ರೆ ವಾಪಸ್ ಕೊಟ್ಟಾನಾ?"

"ಕೊಡಕ್ಕಿಲ್ಲ ಕಣಕ್ಕ. ಆದ್ರೆ ಸಗಣಿ ಬಾಚು ಅನ್ನಕ್ಕೂ ಇಲ್ಲ," ಅನ್ನುತ್ತಿದ್ದಳು ಪುಟ್ಟಗಂಗಮ್ಮ. "ಮೊನ್ನೆ ಮಗೀಗೆ ಕೆಮ್ಮು ಅಂತ ವಿಮೆ ದವಾಖಾನೀಗೆ ಹೋದ್ನಲ್ಲ, ಬೆಂಚಿನ್ ಮ್ಯಾಲೆ ಕುಂತ್ಕೊಂಡೆ. ಯಾರೂ ಏಳು ಅನ್ನಿಲ್ಲ. ಡಾಕ್ಟ್ರಮ್ಮ ನನ್ ಮಗ್ಳು ಎದೆ ಮುಟ್ಟಿ ನೋಡುದ್ಲು."

"ಬೆಂಚಿನ್ ಮ್ಯಾಲೆ ಕುಂತಿದ್ದಕ್ಕಾ ಕೂಲಿ ಮುರ್ಸ್ಕೊಂಡೆ?"

"ಹೂಂ ಕಣಕ್ಕ. ಅದಕ್ಕೂ ಸೇರುಸ್ಕೋ."

ನಾವೆಲ್ಲ ನಕ್ಕೆವು. ಆದರೆ ನನಗೆ ಆ ಬೆಂಚು ಮನಸ್ಸಿನಲ್ಲಿ ಕೂತಿತು. ಪೇಟೆಯ ಡಾಕ್ಟರು ನಮ್ಮನ್ನು ಜಗುಲಿ ಕೆಳಗೆ ನಿಲ್ಲಿಸಿ, ಕಾಂಪೌಂಡರನ ಕೈಲಿ ಮಾತ್ರೆ ಎಸೆಸುತ್ತಿದ್ದ.

ಇನ್ನು ಕೈಯ ವಿಷಯ. ನೆನೆದ ಮಟ್ಟೆ ಹಿಡಿದು ಹಿಡಿದು ಅಂಗೈ ಬಿರಿಯುತ್ತದೆ. ಬಿರಿದ ಕಡೆ ಕೊಳಕು ನೀರು ಹೋಗಿ ಕೀವಾಗುತ್ತದೆ. ಅದಕ್ಕೆ ಮನೆಯಲ್ಲಿ ಹಗ್ಗ ಹೊಸೆಯುವಾಗ ಮಾಡುವಂತೆ ನಾವು ಅಂಗೈಗೆ ನಾರಿನ ಹುರಿ ಸುತ್ತಿಕೊಳ್ಳುತ್ತಿದ್ದೆವು. ಅದು ನಮ್ಮ ಅವ್ವಂದಿರಿಂದ ಬಂದ ಅಭ್ಯಾಸ. ಅವ್ವಂದಿರು ಹಗ್ಗ ಹೊಸೆದದ್ದು ತೊಡೆಯ ಮೇಲೆ. ತೊಡೆಗೆ ಹಲ್ಲಿರಲಿಲ್ಲ. ಮಿಷನ್ನಿಗೆ ಇತ್ತು.

ಮಿಷನ್ನಿನ ಬಾಯಿಗೆ ಕಬ್ಬಿಣದ ಜಾಲರಿ ಇತ್ತು. ಅದಿದ್ದರೆ ಮಟ್ಟೆ ಒಂದೊಂದೇ ಒಳಗೆ ಹೋಗುತ್ತದೆ, ಕೈ ಹೋಗುವುದಿಲ್ಲ. ಸಾಹುಕಾರನ ಭಾವಮೈದ ಮರುಳಪ್ಪನೇ ಮೇಸ್ತ್ರಿ. ಕೆಲಸ ನಿಧಾನ ಅಂತ ಅವನು ಜಾಲರಿ ಕಿತ್ತು ಗೋಡೆಗೆ ಒರಗಿಸಿದ. "ಹಾಕ್ಸಣ್ಣ," ಅಂದೆವು. "ಕಣ್ಣಿಲ್ವಾ ನಿಮ್ಗೆ?" ಅಂದ.

ಆವತ್ತು ಅವಳ ಕೈಯ ಹುರಿ ಬಿಚ್ಚಿಕೊಂಡಿತ್ತು. ಹುರಿಯ ತುದಿ ಉರುಳೆಗೆ ಸಿಕ್ಕಿತು. ಉರುಳೆ ಹುರಿಯನ್ನು ಎಳೆಯಿತು, ಹುರಿ ಕೈಯನ್ನು ಎಳೆಯಿತು. ಅವಳು ಕೂಗಲೂ ಇಲ್ಲ. "ಕಲ್ಲಿ" ಅಂದಳು, ಅಷ್ಟೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಆ ಕಡೆಯಿಂದ ಹಾರಿ ಬಂದು ಅವಳ ರಟ್ಟೆ ಹಿಡಿದು ಕಾಲನ್ನು ಮಿಷನ್ನಿಗೆ ಒತ್ತಿ ಎಳೆದೆ. ಯಾರೋ ಕರೆಂಟು ತೆಗೆದರು. ಬಂದದ್ದು ಕೈಯಲ್ಲ. ನಾರಿನಲ್ಲಿ ಸುತ್ತಿದ ಮಾಂಸ. ಆಚೆ ಬೀಳುತ್ತಿದ್ದ ನಾರಿನ ರಾಶಿ ಕೆಂಪಗಾಗಿತ್ತು. ಮರುಳಪ್ಪ ಓಡಿ ಬಂದವನು ಮೊದಲು ಆ ಕೆಂಪು ನಾರನ್ನು ಬೇರೆ ತೆಗೆಸಿದ. ಒಳ್ಳೆಯ ನಾರು ಹಾಳಾಗಬಾರದಲ್ಲ.

ವಿಮೆ ದವಾಖಾನೆ ಹತ್ತಿರವೇ ಇತ್ತು. ಮರುಳಪ್ಪ ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಸಾಹುಕಾರನ ಕಾರಿನಲ್ಲಿ ಗೋಣಿಚೀಲ ಹಾಸಿ, ಸೀಟಿನ ಮೇಲಲ್ಲ, ಕೆಳಗೆ, ಅವಳನ್ನು ಮಲಗಿಸಿ, ಪಕ್ಕದಲ್ಲಿ ನನ್ನನ್ನು ಕೂರಿಸಿ, ಪೇಟೆಯ ಆ ಹಳೆಯ ಡಾಕ್ಟರ ಹತ್ತಿರ ಒಯ್ದ. ದಾರಿಯುದ್ದಕ್ಕೂ ಒಂದೇ ಮಾತು.

"ಮನೇಲಿ ಕಾಯಿ ಒಡೀವಾಗ ಮಚ್ಚು ತಾಗ್ತು ಅನ್ನು. ತಿಳೀತಾ? ಮಿಲ್ಲಲ್ಲಿ ಅಂದ್ರೆ ಪೊಲೀಸು, ಫ್ಯಾಕ್ಟ್ರಿ ಇನ್‌ಸ್ಪೆಕ್ಟ್ರು, ಮಿಲ್ಲೇ ಮುಚ್ತಾರೆ. ನಿಮ್ಮೋರ ಹೊಟ್ಟೆ ಮ್ಯಾಲೇ ಕಲ್ಲು."

ಅವಳಿಗೆ ಪ್ರಜ್ಞೆಯೇ ಇರಲಿಲ್ಲ. ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದ. ಕಾಂಪೌಂಡರು ಹೊಲಿದ. ನಾರನ್ನೂ ತೆಗೆಯದೆ, ಮಣ್ಣನ್ನೂ ತೊಳೆಯದೆ, ಮೂಟೆ ಹೊಲಿಯುವ ಹಾಗೆ ಹೊಲಿದ. ವಾರ ತುಂಬುವುದರೊಳಗೆ ಕೈ ಕಪ್ಪಗಾಗಿ ಗುಡಿಸಲೆಲ್ಲ ಮಟ್ಟೆ ಗುಂಡಿಯ ನಾತ ಹೊಡೆಯಿತು. ಆಂಜನಪ್ಪ ಬಂದು ಬೈದು, ಎತ್ತಿಕೊಂಡು ಹೋಗಿ ರೈಲು ಹತ್ತಿಸಿ ತುಮಕೂರಿಗೆ ಒಯ್ದ. ಅಲ್ಲಿ ಮೊಣಕೈ ಕೆಳಗೆ ಕತ್ತರಿಸಿದರು. ಮೊದಲೇ ಬಂದಿದ್ದರೆ ಹೆಬ್ಬೆಟ್ಟು, ಎರಡು ಬೆರಳಾದರೂ ಉಳಿಯುತ್ತಿದ್ದವು ಅಂದರಂತೆ.

ಅವಳು ಎದ್ದು ಓಡಾಡುವಂತಾದ ಮೇಲೆ ನಾನೂ ಅವಳೂ ವಿಮೆ ದವಾಖಾನೆಗೆ ಹೋದೆವು. ಡಾಕ್ಟ್ರಮ್ಮ ಕಟ್ಟು ಬಿಚ್ಚಿ ನೋಡಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹೇಳಿದಳು: ಕೆಲಸದಲ್ಲಿ ಕೈ ಹೋಗಿದ್ದರೆ ಬದುಕಿರುವವರೆಗೂ ತಿಂಗಳು ತಿಂಗಳು ಹಣ ಬರುತ್ತದೆ, ಮನೆಯವರ ಔಷಧಿಯೂ ನಿಲ್ಲುವುದಿಲ್ಲ. ಆದರೆ ಕೆಲಸದಲ್ಲೇ ಆಯಿತು ಅನ್ನುವುದು ಮಿಲ್ಲಿನ ವರದಿಯಲ್ಲೋ ಪೊಲೀಸರ ಕಾಗದದಲ್ಲೋ ಎಲ್ಲಾದರೂ ಬರಹದಲ್ಲಿ ಇರಬೇಕು. ಮಿಲ್ಲಿನವರು ಕೊಟ್ಟ ವರದಿಯಲ್ಲಿ ಮನೆ ಅಂತ ಇದೆ. ಹಾಗೇ ಇದ್ದರೆ ಏನೂ ಇಲ್ಲ, ಕೆಲಸವೂ ಹೋದ ಮೇಲೆ ಮಕ್ಕಳ ಔಷಧಿಯೂ ನಿಲ್ಲುತ್ತದೆ.

"ಎಲ್ಲಿ ಆಯ್ತು ಅಂತ ಬರೆದ್ರೆ ಸಾಕಾ ಅವ್ವ?" ಅಂದಳು ಪುಟ್ಟಗಂಗಮ್ಮ.

"ಅವರು ಬರೆಯಬೇಕಲ್ಲಮ್ಮ," ಅಂದಳು ಡಾಕ್ಟ್ರಮ್ಮ.

ಅಲ್ಲಿಂದ ನೆಟ್ಟಗೆ ಶಂಭುಲಿಂಗಯ್ಯನ ಮನೆಗೆ ಹೋದೆವು. ಹಿತ್ತಿಲ ಬಾಗಿಲಲ್ಲಿ ನಿಂತೆವು. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತ ಬಂದ. ಒಳ್ಳೆಯ ಮಾತನ್ನೇ ಆಡಿದ.

"ಕೈಗೆ ಹುರಿ ಸುತ್ಕೊಂಡಿದ್ದು ನಿನ್ನ ತಪ್ಪಲ್ವೇನಮ್ಮ? ಆದ್ರೂ ನಾನು ಕೈ ಬಿಡೋನಲ್ಲ. ಈ ವಿಮೆ ಗಿಮೆ ಎಲ್ಲ ಕಟ್ಕೊಂಡು ಏನ್ ಮಾಡ್ತೀಯ? ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ. ನಿಮ್ಮನೆ ಔಷಧಿ ಎಲ್ಲ ನಂದು. ನಿನ್ನ ಮಗಳು ಸಿದ್ದಗಂಗಮ್ಮ ಕೈಗೆ ಬಂದವ್ಳಲ್ಲ, ಕೊಟ್ಟಿಗೆ ಕೆಲ್ಸಕ್ಕೆ ಕಳ್ಸು. ಇಲ್ಲೇ ಉಂಡ್ಕೊಂಡು ಬಿದ್ದಿರ್ಲಿ."

ಕೈಗೆ ಬಂದವಳಂತೆ. ಆ ಮಗು ಇನ್ನೂ ಮೈ ನೆರೆದಿರಲಿಲ್ಲ.

ಲೆಕ್ಕ ನನ್ನ ಕಣ್ಣಿಗೆ ಕಟ್ಟಿತು. ಮೊದಲು ಔಷಧಿಗೆ ಮೈ ಕೊಟ್ಟೆವು. ಆಮೇಲೆ ಕೂಲಿ ಕೊಟ್ಟೆವು. ಈಗ ಕೂಲಿಯೂ ಹೋಗಿ, ಕೈಯೂ ಹೋಗಿ, ಮತ್ತೆ ಮೈಯನ್ನೇ ಕೇಳುತ್ತಿದ್ದಾನೆ. ಅದೂ ಮಗಳದು.

ಪುಟ್ಟಗಂಗಮ್ಮ ಅಂದಳು: "ನನ್ ಮಗ್ಳು ಬರಕ್ಕಿಲ್ಲ. ಕೈ ಎಲ್ಲೋಯ್ತು ಅಂತ ಬರ್ಕೊಡಿ. ಬ್ಯಾರೆ ಏನೂ ಬ್ಯಾಡ."

"ಹೋಗಮ್ಮ, ಹೋಗು," ಅಂತ ಅವನು ಉಗುಳಿದ. ನಮ್ಮ ಮೇಲಲ್ಲ, ಪಕ್ಕಕ್ಕೆ.

ಶನಿವಾರ ಕೂಲಿ ಬಟವಾಡೆ. ಸಾಹುಕಾರ ಮಿಲ್ಲಿಗೆ ಬರುವುದು ಅದೊಂದು ದಿನ. ಮಿಷನ್ನು ನಿಲ್ಲಿಸಿ ನಾವೆಲ್ಲ ಸಾಲಾಗಿ ನಿಂತಿದ್ದೆವು. ಪುಟ್ಟಗಂಗಮ್ಮ ಗೇಟಿನಿಂದ ಒಳಗೆ ಬಂದಳು. ಹಿಂದೆ ಸಣ್ಣತಿಮ್ಮಯ್ಯ. ಅವನು ಯಾವತ್ತೂ ತಲೆ ಎತ್ತಿ ಮಾತಾಡಿದವನಲ್ಲ. ಸಾಹುಕಾರ ಮಿಷನ್ನಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವಳು ಅವನ ಮುಂದೆ ನಿಂತು ಕಟ್ಟು ಬಿಚ್ಚಿದಳು. ಮೊಂಡು ಕೈಯನ್ನು ಅವನ ಮುಖದ ಹತ್ತಿರ ಹಿಡಿದಳು.

"ಎಲ್ಲೋಯ್ತು ಇದು? ಇವ್ರೆಲ್ಲರ ಮುಂದೆ ಹೇಳಿ."

"ಮರುಳಾ, ಇವಳನ್ನ ಆಚೆಗೆ ಹಾಕ್ಲಾ."

ಸಣ್ಣತಿಮ್ಮಯ್ಯ ಅಡ್ಡ ಬಂದ. "ಸಾಮಿ, ಒಂದ್ ಮಾತು ಬರ್ದ್ಬುಡಿ ಸಾಮಿ," ಅಂತ ಕೈ ಮುಗಿದ. ಮರುಳಪ್ಪ ಅವನ ಕಿಬ್ಬೊಟ್ಟೆಗೆ ಒದ್ದ. ಅವನು ಮಟ್ಟೆ ರಾಶಿಯ ಮೇಲೆ ಬಿದ್ದು ಮುದುರಿಕೊಂಡ. ಮತ್ತೂ ಒದ್ದ. ಬಾಯಲ್ಲಿ ರಕ್ತ ಬಂತು. ಆಮೇಲೆ ಮರುಳಪ್ಪ ಪುಟ್ಟಗಂಗಮ್ಮನನ್ನು ಹಿಡಿದು ಎಳೆದ. ಎಲ್ಲಿ ಹಿಡಿದ ಅಂದರೆ, ಆ ಮೊಂಡನ್ನೇ ಹಿಡಿದ. ಹಿಡಿದು ತಿರುಚಿದ. ಹೊಲಿಗೆ ಬಿಟ್ಟಿತು.

ಆವತ್ತು ಕೂಗದವಳು ಈಗ ಕೂಗಿದಳು.

ಮೊದಲು ಕೈ ಎತ್ತಿದವಳು ಭೂತಮ್ಮ. ಮೊದಲೇ ವಾಸಿ ಅನ್ನುತ್ತಿದ್ದ ಅದೇ ಭೂತಮ್ಮ. ನೆನೆದ ಮಟ್ಟೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಮರುಳಪ್ಪನ ಮುಖಕ್ಕೆ ಬಡಿದಳು. ಮೂಗು ಒಡೆಯಿತು. "ಸೂಳೇಮಗ್ನೆ, ಹಸಿ ಗಾಯ ಹಿಡೀತೀಯಾ!" ಅಂದಳು. ಆಮೇಲೆ ಎಲ್ಲರೂ ಬಿದ್ದೆವು. ಮಟ್ಟೆಯಲ್ಲಿ ಬಡಿದೆವು, ಕಾಲಲ್ಲಿ ಒದ್ದೆವು, ಅವನನ್ನು ಎಳೆದುಕೊಂಡು ಹೋಗಿ ಗುಂಡಿಗೆ ದಬ್ಬಿದೆವು. ದಿನಾ ನಾವು ಕುಡಿಯುತ್ತಿದ್ದ ನಾತವನ್ನು ಅವನೂ ಕುಡಿದ.

ಸಾಹುಕಾರ ಕುರ್ಚಿಯಿಂದ ಎದ್ದು ಓಡಲು ನೋಡಿದ. ನಾನು ಅವನ ಬಲಗೈ ಹಿಡಿದೆ.

"ಮುಟ್ಟಬ್ಯಾಡ! ಮುಟ್ಟಬ್ಯಾಡ ಕಣೇ!" ಅಂತ ಕಿರುಚಿದ. ಹೊಡೆಯಬೇಡ ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಮುಟ್ಟಬೇಡ ಅಂದ. ಆ ಮಾತು ಅನ್ನದಿದ್ದರೆ ಬಿಡುತ್ತಿದ್ದೆನೋ ಏನೋ, ಗೊತ್ತಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆ. ಬೇರೆಯವರು ಸೊಂಟ ಹಿಡಿದರು, ಕಾಲು ಹಿಡಿದರು. ಜಾಲರಿ ಇಲ್ಲದ ಆ ಬಾಯಿಗೆ ಅವನ ಕೈಯನ್ನು ಒಡ್ಡಿದೆವು. ಮೆತ್ತಗಿನ ಕೈ. ಉಂಗುರಗಳಿದ್ದವು.

ಪುಟ್ಟಗಂಗಮ್ಮ ಕರೆಂಟಿನ ಹಿಡಿಯ ಹತ್ತಿರ ಹೋಗಿ ನಿಂತಳು. ಮೊಂಡಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಎಲ್ಲೋಯ್ತು ನನ್ ಕೈ?"

"ಮನೇಲಿ... ನೀನೇ ಹೇಳಿದ್ಯಲ್ಲಮ್ಮ, ಮನೇಲಿ..."

ಕೈ ಹೋಗುವ ಹೊತ್ತಿನಲ್ಲೂ ಅವನ ಬಾಯಿಗೆ ಸುಳ್ಳೇ ಬಂತು. ಅವಳು ಎಡಗೈಯಲ್ಲಿ ಹಿಡಿಯನ್ನು ಮೇಲಕ್ಕೆ ತಳ್ಳಿದಳು.

ಉರುಳೆ ತಿರುಗಿದ್ದು ಒಂದು ಕ್ಷಣ. ಅವಳೇ ಮತ್ತೆ ಕೆಳಕ್ಕೆ ಎಳೆದಳು. ಅಷ್ಟಕ್ಕೇ ಅವನ ಬೆರಳುಗಳು ಹೋದವು. "ಮಿಲ್ಲಲ್ಲಿ! ಮಿಲ್ಲಲ್ಲಿ ಕಣ್ರಮ್ಮ!" ಅಂತ ಆಗ ಕೂಗಿದ. ಅವನ ರಕ್ತ ನನ್ನ ಕೆನ್ನೆಗೆ ಹಾರಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ. ಅನ್ನಿಸಬೇಕು ಅನ್ನುವವರು ಒಂದು ದಿನ ಆ ಗುಂಡಿಗೆ ಇಳಿದು ಬರಲಿ.

ಗುಂಡಿಯಿಂದ ಹತ್ತಿ ಬಂದ ಮರುಳಪ್ಪ ಸಾಹುಕಾರನನ್ನು ಕಾರಿನಲ್ಲಿ ಹಾಕಿಕೊಂಡು ಹೋದ. ನಾವು ಓಡಿ ಹೋಗಲಿಲ್ಲ. ಸಣ್ಣತಿಮ್ಮಯ್ಯನಿಗೆ ನೀರು ಕುಡಿಸಿ, ಪುಟ್ಟಗಂಗಮ್ಮನ ಕೈಗೆ ಬಟ್ಟೆ ಕಟ್ಟಿ, ಅಲ್ಲೇ ಕೂತಿದ್ದೆವು. ಪೊಲೀಸು ವ್ಯಾನು ಬಂತು.

ಠಾಣೆಯಲ್ಲಿ ನನ್ನನ್ನೂ ಅವಳನ್ನೂ ನೆಲದ ಮೇಲೆ ಕೂರಿಸಿದರು. ಒಬ್ಬ ಪೊಲೀಸಿನವನು ಬೂಟುಗಾಲಲ್ಲಿ ನನ್ನ ಬೆನ್ನಿಗೆ ಒದ್ದು ಜಾತಿ ಹಿಡಿದು ಬೈದ. ಅಷ್ಟರಲ್ಲಿ ಸಾಹುಕಾರನ ವಕೀಲ ಬಂದ. ಸಬ್‌ಇನ್‌ಸ್ಪೆಕ್ಟರ ಕಿವಿಯಲ್ಲಿ ಬಹಳ ಹೊತ್ತು ಪಿಸುಗುಟ್ಟಿ, ನಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತ.

"ನೋಡ್ರಮ್ಮ. ಸಾಹುಕಾರ್ರು ದೊಡ್ಡ ಮನಸ್ಸು ಮಾಡವ್ರೆ. ಕಂಪ್ಲೇಂಟು ಕೊಡಲ್ಲ ಅಂತಾರೆ. ಅವ್ರ ಕೈ ಅವ್ರ ಮನೇಲೇ, ಮೋಟರಿಗೆ ಸಿಕ್ತು. ನಿಂದು ನಿನ್ನ ಮನೇಲಿ, ಮಚ್ಚು ತಾಗ್ತು. ಎರಡೂ ಅಲ್ಲಿಗೆ ಮುಗೀತು. ಇಬ್ರೂ ಮನೆಗೆ ಹೋಗಿ. ಇಲ್ಲ ಅಂದ್ರೆ ಕೊಲೆ ಮಾಡಕ್ಕೆ ಹೋದ್ರಿ ಅಂತ ವರ್ಷಗಟ್ಲೆ ಜೈಲು."

ನನಗೆ ಅರ್ಥವಾಯಿತು. ಸಾಹುಕಾರನ ಕೈ ಮಿಲ್ಲಿನಲ್ಲಿ ಹೋಯಿತು ಅಂತ ಬರೆದರೆ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬರುತ್ತಾನೆ. ಬಂದರೆ ಜಾಲರಿ ಇಲ್ಲದ ಬಾಯಿ ನೋಡುತ್ತಾನೆ. ಬೆರಳು ಹೋದರೂ ಚಿಂತೆಯಿಲ್ಲ, ಮಿಲ್ಲು ಉಳಿಯಬೇಕು ಅವನಿಗೆ.

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ನನಗೂ ಮಕ್ಕಳಿವೆ, ಚಿಕ್ಕದಿನ್ನೂ ಮೊಲೆ ಬಿಟ್ಟಿಲ್ಲ. ಕಂಬಿಯ ಆಚೆ ನಿಂತಿದ್ದ ಸಣ್ಣತಿಮ್ಮಯ್ಯನೂ, "ಹೂಂ ಅಂದ್ಬುಡೇ, ಬಾ ಮನೀಗೆ," ಅಂತ ಅಳುತ್ತಿದ್ದ. ನಾನು ಪುಟ್ಟಗಂಗಮ್ಮನ ಮುಖ ನೋಡಿದೆ.

ಅವಳು ಎದ್ದು ನಿಂತಳು. ವಕೀಲನನ್ನು ನೋಡಲೇ ಇಲ್ಲ. ಸಬ್‌ಇನ್‌ಸ್ಪೆಕ್ಟರ ಮೇಜಿನ ಹತ್ತಿರ ಹೋದಳು.

"ಬರ್ಕೊಳಿ ಸಾಮಿ. ಕರೆಂಟು ಕೊಟ್ಟೋಳು ನಾನು. ಸಾಹುಕಾರ್ರ ಕೈ ಹೋಗಿದ್ದು ಅವ್ರ ಮಿಲ್ಲಲ್ಲಿ, ಜಾಲ್ರಿ ಕಿತ್ತಾಕಿದ್ ಮಿಷನ್ನಲ್ಲಿ. ನನ್ ಕೈ ಹೋಗಿದ್ದೂ ಅದೇ ಮಿಷನ್ನಲ್ಲಿ. ಎರಡೂ ಬರೀರಿ."

"ನಿನಗೆ ಬುದ್ಧಿ ಐತೇನಮ್ಮ? ಇದನ್ನ ಬರೆದ್ರೆ ನೀನು ಜೈಲಿಗೆ," ಅಂದ ಸಬ್‌ಇನ್‌ಸ್ಪೆಕ್ಟರ್.

"ಓಯ್ತೀನಿ ಸಾಮಿ. ನಾನು ಒಳಗಿದ್ರೂ ನನ್ ಮಗ್ಳು ಔಷ್ದಿ ನಿಲ್ಲಬಾರ್ದು. ಅವ್ಳು ಆ ಕೊಟ್ಟಿಗೆಗೆ ಹೋಗಬಾರ್ದು. ಬರೀರಿ."

ವಕೀಲ ಬೇಡ ಬೇಡ ಅಂತ ತಲೆ ಆಡಿಸಿದ. ಆದರೆ ಹೊರಗೆ ಭೂತಮ್ಮ, ಮಿಲ್ಲಿನ ಹೆಂಗಸರು, ಅಮ್ಮಸಂದ್ರದಿಂದ ಬಂದ ಆಂಜನಪ್ಪ, ಅವನ ಜೊತೆಯ ಮೂಟೆ ಹೊರುವವರು ರಸ್ತೆ ತುಂಬ ನಿಂತಿದ್ದರು. ಸಬ್‌ಇನ್‌ಸ್ಪೆಕ್ಟರ್ ಕಿಟಕಿಯಲ್ಲಿ ನೋಡಿ, ಬೆವರು ಒರೆಸಿಕೊಂಡು ದಫೇದಾರನಿಗೆ ಬರೆ ಅಂದ. ನಾನು ನಾಲ್ಕನೇ ಕ್ಲಾಸು ಓದಿದವಳು. ಬರೆದದ್ದನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಎರಡು ಕಡೆಯೂ ಮಿಲ್ಲು ಅಂತಲೇ ಇತ್ತು.

ದಫೇದಾರ ಮಸಿಯ ಡಬ್ಬಿ ತಳ್ಳಿದ. "ಹೆಂಗಸ್ರು ಬಲಗೈ ಹೆಬ್ಬೆಟ್ಟು ಒತ್ತಬೇಕು," ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ.

ಪುಟ್ಟಗಂಗಮ್ಮ ಮೊಂಡನ್ನು ಮೇಜಿನ ಮೇಲಿಟ್ಟು ಕಾಗದ ಅಲುಗದಂತೆ ಒತ್ತಿ ಹಿಡಿದಳು. ಎಡಗೈ ಹೆಬ್ಬೆಟ್ಟನ್ನು ಮಸಿಗೆ ಒತ್ತಿ ಕಾಗದದ ಮೇಲೆ ಊರಿದಳು. ಬಟ್ಟೆಯಿಂದ ಒಸರಿದ ರಕ್ತ ಕಾಗದದ ಅಂಚಿಗೆ ಹತ್ತಿತು. ವಕೀಲ, ಬೇರೆ ಹಾಳೆಯಲ್ಲಿ ಬರೆಯಿರಿ, ಇದು ಕೊಳೆಯಾಯಿತು ಅಂದ.

"ಇದೇ ಇರ್ಲಿ," ಅಂದೆ ನಾನು. ಅವಳ ಹೆಬ್ಬೆಟ್ಟಿನ ಕೆಳಗೆ ನನ್ನ ಹೆಸರು ಬರೆದೆ.